ಓಲೆ ಹೇಳಿದ ನಂಟು

“ಗಂಡ ಕಣಮ್ಮ ನಾನು, ಗಂಡ! ತಾಳಿ ಕಟ್ಟಿದೋನು! ಇಷ್ಟು ವರ್ಷ ಸಂಸಾರ ಮಾಡಿದೋನ್ನ ಹಿಡಿದು ನನ್ನ ಹೆಂಡ್ತೀಗೇ ಅಣ್ಣ ಮಾಡಿಟ್ಟಿದೀಯಲ್ಲ, ನಿನ್ನ ಕೈಗಿಷ್ಟು...”

ಚೌಡಪ್ಪನಿಗೆ ಮುಂದಿನ ಬೈಗುಳ ಸಿಗಲಿಲ್ಲ. ಸಿಗದ ಸಿಟ್ಟಿಗೆ ಮೇಜಿನ ಮೇಲೆ ಗುದ್ದಿದ. ಸ್ಕ್ರೂಗಳಿದ್ದ ತಟ್ಟೆ ಎಗರಿ ನೆಲಕ್ಕೆ ಬಿತ್ತು.

“ಮೊದಲು ಸ್ಕ್ರೂ ಎತ್ತಿಕೊಡಿ ಅಣ್ಣಾ,” ಅಂದಳು ತಸ್ನೀಮ್, ಭೂತಗನ್ನಡಿಯಿಂದ ಕಣ್ಣು ತೆಗೆಯದೆ. “ಆಮೇಲೆ ಬೈಯೋರಂತೆ.”

“ನೋಡು, ನೀನೂ ಅಣ್ಣ ಅಂತೀಯ!”

“ಇನ್ನೇನನ್ಲಿ? ಮಾವ ಅನ್ಲಾ?”

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರು ನಕ್ಕರು. ಕಟ್ಟುಗಾಲು ತೊಟ್ಟಿದ್ದ ಮುದುಕನೊಬ್ಬ, “ಸಮಾಧಾನ ಮಾಡ್ಕಳಪ್ಪ. ನನ್ನ ಕಾಲಿಗೆ ಈಯಮ್ಮ ಬೋರ್‌ವೆಲ್ ಮೋಟಾರಿನ ಸಿಸ್ಟಮ್ ಹಾಕವ್ಳೆ. ಕರೆಂಟ್ ಬಂದಾಗಲೆಲ್ಲ ತಾನೇ ಎದ್ದು ನಿಂತ್ಕತದೆ. ನಾನೇನು ಜಗಳ ಆಡ್ತಿದೀನಾ?” ಅಂದ. ಮತ್ತೆ ನಗು.

ಚೌಡಪ್ಪ ಬಗ್ಗಿ ಸ್ಕ್ರೂ ಆರಿಸತೊಡಗಿದ. ಬಗ್ಗಿದಾಗ ಕಣ್ಣು ಹನಿಗೂಡಿದ್ದು ಯಾರಿಗೂ ಕಾಣಲಿಲ್ಲ, ಪುಣ್ಯ.

ದೊಡ್ಡಬಳ್ಳಾಪುರದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ತಸ್ನೀಮಳ ಅಂಗಡಿ. ‘ಕಂಪನಿ ಕೈಬಿಟ್ಟ ಸಾಮಾನು ಇಲ್ಲಿ ನಡೆಯುತ್ತದೆ’ ಅಂತ ಬೋರ್ಡು. ಈ ಕಾಲದಲ್ಲಿ ಜನ ಕಾಲಿಗೆ, ಕೈಗೆ, ಕಣ್ಣಿಗೆ, ಎದೆಗೆ ಏನೇನೋ ಯಂತ್ರ ಹಾಕಿಸಿಕೊಂಡಿರುತ್ತಾರೆ. ಹಾಕುವಾಗ ಕಂಪನಿಯವರು ಬಾಯಿ ತುಂಬ ಅಮ್ಮಾ, ಅಯ್ಯಾ ಅನ್ನುತ್ತಾರೆ. ಆರೇಳು ವರ್ಷ ಕಳೆದರೆ, ಈ ಮಾದರಿಗೆ ಇನ್ನು ಮುಂದೆ ನಮ್ಮ ಬೆಂಬಲವಿಲ್ಲ ಅಂತ ಒಂದು ಸಂದೇಶ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಯಂತ್ರಕ್ಕೆ ಏನೂ ಆಗಿರುವುದಿಲ್ಲ. ಅದರ ಒಳಗೆ ಕೂತು ನಡೆಸುವ ಸಿಸ್ಟಮ್ಮಿಗೆ ಮಾತ್ರ ಬೀಗ. ಆ ಬೀಗ ಒಡೆದು ಬೇರೆ ಸಿಸ್ಟಮ್ ತುಂಬುವುದೇ ತಸ್ನೀಮಳ ಕಸುಬು.

ಚೌಡಪ್ಪನ ಹೆಂಡತಿ ಬನಶಂಕರಿಗೆ ಮರೆವಿನ ಕಾಯಿಲೆ. ಮೊದಲು ಒಲೆಯ ಮೇಲಿನ ಹಾಲು ಮರೆತಳು, ಆಮೇಲೆ ಮನೆಯ ಬೀದಿ ಮರೆತಳು, ಕೊನೆಗೆ ಮುಖಗಳು ಹೋದವು. ಹಳೆಯ ಸಂಗತಿಗಳು ಮಾತ್ರ ಬಾವಿಯ ತಳದ ನೀರಿನ ಹಾಗೆ ಒಳಗೇ ಇದ್ದವು. ಮುಖ ಗುರುತಿಲ್ಲದ ಮೇಲೆ ಅವನ್ನು ಯಾರಿಗೆ ಹೇಳುವುದು? ಆಸ್ಪತ್ರೆಯವರು ಅವಳ ಬಲಗಿವಿಯ ಹಿಂದಿನ ಮೂಳೆಗೆ ತಿರುಪು ಕೂರಿಸಿ ಒಂದು ಯಂತ್ರ ಸಿಕ್ಕಿಸಿದರು. ಕಂಪನಿ ಇಟ್ಟ ಹೆಸರು ಯಾರ ಬಾಯಿಗೂ ಹಿಡಿಯಲಿಲ್ಲ. ಕಿವಿಯಿಂದ ಇಳಿಬಿದ್ದಿತ್ತು, ಆದ್ದರಿಂದ ಓಲೆ. ಓಲೆಯಲ್ಲಿ ಸಾಸಿವೆಯಷ್ಟು ಸಣ್ಣ ಕ್ಯಾಮೆರಾ. ಎದುರಿಗೆ ಬಂದವರ ಮುಖ ನೋಡಿ, ಇವರು ನಿಮ್ಮ ಪತಿ, ಇವಳು ನಿಮ್ಮ ಮಗಳು ಅಂತ ಮೂಳೆಯ ಒಳಗಿಂದಲೇ ಪಿಸುಗುಟ್ಟುತ್ತಿತ್ತು. ಬನಶಂಕರಿಗೆ ಅದರಿಂದ ನೆನಪು ಬರುತ್ತಿರಲಿಲ್ಲ. ಓಲೆ ಹೇಳಿದ್ದನ್ನು ನಂಬುತ್ತಿದ್ದಳು, ಅಷ್ಟೇ. ನಂಬಿ ತಲೆಯಾಡಿಸುತ್ತಿದ್ದಳು, ಊಟಕ್ಕೆ ಹಾಕುತ್ತಿದ್ದಳು.

ಆಮೇಲೆ ಕಂಪನಿಯ ಸಂದೇಶ ಬಂತು. ಅವತ್ತಿಂದ ಓಲೆಗೆ ಗೊತ್ತಿದ್ದದ್ದು ಟೈಮು ಒಂದೇ. ಮಗಳು ರಕ್ಷಿತಾ ತಟ್ಟೆ ಹಿಡಿದು ಎದುರು ನಿಂತರೆ ಓಲೆ ಗಂಟೆ ಎಷ್ಟು ಅಂತ ಹೇಳುತ್ತಿತ್ತು. “ಯಾರಮ್ಮ ನೀನು?” ಅನ್ನುತ್ತಿದ್ದಳು ಬನಶಂಕರಿ. ಹೊಸ ಮಾದರಿಯ ಓಲೆಗೆ ತಿರುಪೇ ಬೇರೆ; ಅವಳ ತಲೆಬುರುಡೆಗೆ ಇನ್ನೊಂದು ಆಪರೇಷನ್ ತಡೆಯುವುದಿಲ್ಲ ಅಂದುಬಿಟ್ಟರು ಡಾಕ್ಟರು.

ಹೀಗಾಗಿ ಓಲೆ ತಸ್ನೀಮಳ ಕೈಗೆ ಬಂತು. ಊರೂರಿನ ಹುಡುಗ ಹುಡುಗಿಯರು ಸೇರಿ, ಯಾವ ಕಂಪನಿಯ ಹಂಗೂ ಇಲ್ಲದೆ ಬರೆದ ‘ಬಯಲು’ ಅನ್ನುವ ಸಿಸ್ಟಮ್ ಒಂದಿತ್ತು. ಈಚಿನ ಓಲೆಗಳಿಗೆಂದು ಬರೆದದ್ದು. ಅದರ ಪಟ್ಟಿಯಲ್ಲಿ ಬನಶಂಕರಿಯ ಓಲೆಯ ಹೆಸರೇ ಇರಲಿಲ್ಲ. ತಸ್ನೀಮ್ ಓಲೆಯೊಳಗಿನ ಚಿಪ್ಪಿನ ಎರಡು ಕಾಲುಗಳಿಗೆ ಸೂಜಿ ತಾಗಿಸಿ ಬೀಗ ತೆಗೆದಳು. ಮೊದಲ ಸಲ ತುಂಬಿದಾಗ ಓಲೆ ಸತ್ತೇ ಹೋಯಿತು. ಚೌಡಪ್ಪ ಅವತ್ತೂ ಬಂದು ಕೂಗಾಡಿದ್ದ. ಎರಡನೇ ಸಲ ಉಸಿರಾಡಿತು, ಆದರೆ ಕಣ್ಣಿಲ್ಲ. ಅದೇ ಕ್ಯಾಮೆರಾ ಚಿಪ್ಪು ಯಾವುದೋ ಬಾಗಿಲ ಕರೆಗಂಟೆಯಲ್ಲಿದೆ ಅಂತ ಪತ್ತೆ ಮಾಡಿ, ಕರೆಗಂಟೆಯ ಸಿಸ್ಟಮ್ಮಿನಿಂದ ಕ್ಯಾಮೆರಾ ನಡೆಸುವ ತುಂಡನ್ನು ಕಿತ್ತು ಇದಕ್ಕೆ ಹಾಕಿದಳು. ಓಲೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು ಪರೀಕ್ಷೆ ಮಾಡಿದಳು. ಮೂಳೆಯಲ್ಲಿ ಮಾತಾಡುವ ಯಂತ್ರವಾದ್ದರಿಂದ ಹಲ್ಲಿಗೂ ಕೇಳುತ್ತದೆ. ಕಚ್ಚಿಕೊಂಡೇ ಬಿದ್ದು ಬಿದ್ದು ನಕ್ಕಳು. ಯಾರು ಎದುರು ಬಂದರೂ, ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಅನ್ನುತ್ತಿತ್ತಂತೆ. ಅದೂ ಸರಿಹೋಯಿತು.

ಉಳಿದದ್ದು ಜಾಗದ ಸಮಸ್ಯೆ. ಹೊಸ ಸಿಸ್ಟಮ್ ದೊಡ್ಡದು, ಹಳೇ ಓಲೆಯ ಹೊಟ್ಟೆ ಸಣ್ಣದು. ತಸ್ನೀಮ್ ಅದರಿಂದ ಬೇರೆ ಭಾಷೆಗಳನ್ನು ತೆಗೆದಳು. ನಂಟರ ಹೆಸರುಗಳನ್ನು ಕೈಯಲ್ಲಿ ತುಂಬುವ, ತಿದ್ದುವ ಭಾಗವನ್ನೂ ತೆಗೆದಳು. “ಅದು ಬೇಕಾಗಲ್ಲ ಅಣ್ಣಾ. ಒಂದು ವಾರ ಓಲೆ ಬಾಯಿಬಿಡಲ್ಲ, ಸುಮ್ಮನೆ ಕೇಳ್ತದೆ. ಮನೇಲಿ ಯಾರು ಯಾರನ್ನ ಏನಂತ ಕರೀತಾರೆ ಅಂತ ಕೇಳಿ ತಾನೇ ಕಲೀತದೆ,” ಅಂದಿದ್ದಳು.

ಕಲಿಯಿತು. ಇವತ್ತು ಬೆಳಗ್ಗೆ ಚೌಡಪ್ಪ ತನ್ನ ಕರೆಂಟು ಮಗ್ಗಗಳ ಶೆಡ್ಡಿನಿಂದ ಕಾಫಿಗೆಂದು ಮನೆಯೊಳಗೆ ಕಾಲಿಟ್ಟರೆ ಬನಶಂಕರಿ ತಲೆಯೆತ್ತಿ ನೋಡಿದಳು. ಮುಖ ಅರಳಿತು. ಎಷ್ಟು ಕಾಲವಾಗಿತ್ತು ಆ ಮುಖ ಹಾಗೆ ಅರಳಿ! ಚೌಡಪ್ಪ ತನ್ನ ಹಿಂದೆ ಯಾರಾದರೂ ಬಂದರೇನೋ ಅಂತ ತಿರುಗಿ ನೋಡಿದ.

“ಅಣ್ಣಾ! ಯಾವಾಗ್ ಬಂದೆ? ಬಾಗಿಲಲ್ಲೇ ನಿಂತಿದೀಯಲ್ಲ, ಒಳಗ್ ಬಾರೋ!”

ಅಷ್ಟು ಕೇಳಿದ್ದೇ, ಕಾಫಿಯನ್ನೂ ಕುಡಿಯದೆ ಓಡಿ ಬಂದಿದ್ದ.

ಸ್ಕ್ರೂಗಳ ತಟ್ಟೆ ಇಸಿದುಕೊಂಡ ತಸ್ನೀಮಳ ಕೈ ನಡುವೆಯೇ ನಿಂತಿತು. “ತಡೀರಿ ತಡೀರಿ. ನಿಮ್ಮ ಮಗಳು ನಿಮ್ಮನ್ನ ಏನಂತಾಳೆ?”

“ಅಣ್ಣ ಅಂತಾಳೆ.”

“ಅಪ್ಪನ್ನ?”

“ನನ್ನ ತಮ್ಮಂದಿರು, ತಂಗೀರು ಎಲ್ಲ ಒಟ್ಟಿಗಿದ್ವಲ್ಲ ಆಗ. ಅವರೆಲ್ಲ ಅಣ್ಣ ಅಣ್ಣ ಅಂತಿದ್ರು. ಮಗೂನೂ ಅದನ್ನೇ ಹಿಡಕಂತು. ಅದರಲ್ಲೇನೈತೆ? ಎಷ್ಟು ಮನೇಲಿ ಹಂಗೇ ಕರಿಯಲ್ಲ?”

“ಮಗ್ಗದೋರು?”

“ಅಣ್ಣ.”

“ಪಕ್ಕದ ಮನೆಯೋರು?”

“ಅವರೂ ಅಣ್ಣಾನೇ.”

“ನೀವು ಅವರನ್ನ ಏನಂತ ಕರೀತೀರಿ?”

“ಏನಂತ ಕರಿಯೋದು? ಏಯ್ ಅಂತೀನಿ. ಇವ್ಳೇ ಅಂತೀನಿ. ಬಾರೆ ಇಲ್ಲಿ ಅಂತೀನಿ.”

“ಹಂಗೆ ಗಂಡನೂ ಕರೀತಾನೆ, ಅಣ್ಣನೂ ಕರೀತಾನೆ, ಎಮ್ಮೆ ಕಾಯೋನೂ ಕರೀತಾನೆ!” ತಸ್ನೀಮ್ ಹಣೆ ಚಚ್ಚಿಕೊಂಡಳು. “ಓಲೆದೇನೂ ತಪ್ಪಿಲ್ಲ ಬಿಡಿ. ಅದು ನಿಮ್ಮ ವಯಸ್ಸು ನೋಡಿದೆ, ಮಗ ಆಗೋ ವಯಸ್ಸಲ್ಲ. ಮನೆಮಂದಿಯೆಲ್ಲ ಅಣ್ಣ ಅಂತಾರೆ. ಸರಿ, ಈ ಮನೆಗೆ ದೊಡ್ಡಣ್ಣ, ಅಂದ್ರೆ ಈಯಮ್ಮನಿಗೂ ಅಣ್ಣ. ನೀವು ಗಂಡ ಅನ್ನೋಕೆ ನಿಮ್ಮನೆ ಮಾತಲ್ಲಿ ಒಂದು ಗುರುತೂ ಇಲ್ವಲ್ಲ! ನಾನೂ ಪೆದ್ದಿ, ಕೇಳ್ಬೇಕಿತ್ತು. ನಮ್ಮ ಬಾಯಿಗೆ ಎಷ್ಟು ರೂಢಿ ಅಂದ್ರೆ ಹೊಳೀಲೇ ಇಲ್ಲ.”

“ಈಗ ತಿದ್ದು.”

“ತಿದ್ದೋ ಭಾಗನೇ ತೆಗೆದಿದೀನಲ್ಲ, ಜಾಗ ಸಾಲದೆ. ಎಲ್ಲ ಅಳಿಸ್ಬೇಕು, ಮತ್ತೆ ಒಂದು ವಾರ ಕೇಳಿಸ್ಬೇಕು. ಈ ಸಲ ಮನೇಲಿ ಯಾರೂ ಅಣ್ಣ ಅನ್ಬಾರ್ದು.”

ಮನೆಗೆ ಬಂದರೆ ಬನಶಂಕರಿ ತಟ್ಟೆ ಹಾಕಿ ಕಾದಿದ್ದಳು. ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ರಕ್ಷಿತಾ ಮಾಡಿದ್ದೇ, ಬಡಿಸುವುದು ಮಾತ್ರ ತಾನೇ ಅಂತ ಅಮ್ಮ ಸೌಟು ಕಸಿದುಕೊಂಡಿದ್ದಳಂತೆ. ಚೌಡಪ್ಪ ಬಾಯಿ ತೆರೆದು, ನಾನು ನಿನ್ನ ಅಣ್ಣ ಅಲ್ಲ ಅನ್ನುವಷ್ಟರಲ್ಲಿ ಅವಳು ಭುಜ ಹಿಡಿದು ಕೂರಿಸಿಬಿಟ್ಟಳು.

“ಎಷ್ಟು ಸೊರಗಿದೀಯೋ! ಅತ್ತಿಗೆ ಅನ್ನ ಹಾಕ್ತಾಳೋ ಇಲ್ವೋ? ಗೌರಿಬಿದನೂರಿಂದ ರೈಲಲ್ಲಿ ಬಂದ್ಯಾ?”

ಗೌರಿಬಿದನೂರು ಅವಳ ತವರು. ಅಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಅವಳ ಅಣ್ಣ ಲಕ್ಷ್ಮೀಪತಿ ಸತ್ತು ನಾಲ್ಕು ವರ್ಷವಾಗಿತ್ತು. ಹಾಗೆ ನೋಡಿದರೆ ಚೌಡಪ್ಪನ ಪಾಲಿಗೆ ಅದಕ್ಕೂ ಬಹಳ ಮೊದಲೇ ಸತ್ತಿದ್ದ. ಒಂದು ಗೌರಿ ಹಬ್ಬಕ್ಕೆ ಲಕ್ಷ್ಮೀಪತಿ ತಂಗಿಗೆ ಅಂಗಡಿಯಿಂದ ಸೀರೆ ತಂದ. ನೇಕಾರನ ಮನೆಗೆ ಅಂಗಡಿ ಸೀರೆ ತರ್ತೀಯಾ, ನಾನು ನೇಯೋದು ಸೀರೆ ಅಲ್ವಾ ಅಂತ ಚೌಡಪ್ಪ ಅದನ್ನು ಬೀದಿಗೆ ಎಸೆದ. ಅವತ್ತಿಗೆ ತವರಿನ ದಾರಿ ಮುಚ್ಚಿತು. ಬನಶಂಕರಿ ಮತ್ತೆ ಗೌರಿಬಿದನೂರು ಕಂಡದ್ದು ಅಣ್ಣನ ಮಣ್ಣಿಗೆ. ಅದನ್ನೂ ಈಗ ಮರೆತಿದ್ದಳು.

“ತಿನ್ನು, ಅವರು ಬರೋದ್ರೊಳಗೆ ತಿಂದ್ಬಿಡು,” ಅಂದಳು, ದನಿ ತಗ್ಗಿಸಿ. “ಶೆಡ್ಡಲ್ಲವ್ರೆ. ಮಗ್ಗದ ಸದ್ದು ಕೇಳ್ತೈತಲ್ಲ, ಭಯ ಇಲ್ಲ.”

ಚೌಡಪ್ಪ ಮುರಿದ ಮುದ್ದೆಯನ್ನು ತಟ್ಟೆಗೇ ಬಿಟ್ಟ. “ಯಾತರ ಭಯ?”

“ಸದ್ದು ಇರೋವರ್ಗೂ ಅವರು ಅಲ್ಲೇ ಇರ್ತಾರೆ. ಸದ್ದು ನಿಂತ್ರೆ ಮನೆಗ್ ಬರ್ತಾರೆ.” ಅವಳು ಸಾರು ಬಿಡುತ್ತ, ಯಾರೋ ಪಕ್ಕದ ಮನೆಯವಳ ಕತೆ ಹೇಳುವ ಹಾಗೆ ಹೇಳಿದಳು. “ಎಲ್ಲಾರ ಮನೇಲೂ ಕರೆಂಟ್ ಹೋದ್ರೆ ದೀಪ ಹುಡುಕ್ತಾರೆ. ನಾನು ಏನ್ ತಪ್ಪು ಮಾಡಿದೀನಿ ಅಂತ ಹುಡುಕ್ಕಂತೀನಿ ಕಣೋ.”

“ಹೊಡೀತಾನಾ?” ಕೇಳಬಾರದಿತ್ತು. ಬಾಯಿ ಕೇಳಿಬಿಟ್ಟಿತು.

“ಹೊಡ್ದಿದ್ದು ಒಂದೋ ಎರಡೋ ಸಲ, ಅದು ಬಿಡು. ಕೆಟ್ಟೋರಲ್ಲ. ಬಂದೋರಿಗೆ ಏನು ಬೇಕು ಅಂತಾನೇ ತಿಳಿಯಲ್ಲ. ಸಾರು ಬಿಸಿ ಇದ್ರೆ ಉಪ್ಪು ಸರಿ ಇಲ್ಲ. ಉಪ್ಪು ಸರಿ ಇದ್ರೆ ನೀರಿಟ್ಟಿಲ್ಲ. ನೀರಿಟ್ಟಿದ್ರೆ ಯಾಕೆ ಮುಖ ಹಂಗಿಟ್ಕಂಡಿದೀಯ.” ನಕ್ಕಳು. “ನಿನ್ನ ಸೀರೆ ಎಸೆದ್ರಲ್ಲ, ಅವತ್ತು ಹೊತ್ತು ಮುಳುಗಿದ ಮೇಲೆ ಹೋಗಿ ಎತ್ಕಂಡ್ ಬಂದೆ. ಕೆಳಮನೆ ಸಾವಿತ್ರಮ್ಮನ ಪೆಟ್ಟಿಗೇಲಿಟ್ಟಿದ್ದೆ. ಅವಳ ಮನೆಗೆ ಹೋದಾಗ ಉಟ್ಕಂಡು ಕೂತಿದ್ದು ಬರ್ತಿದ್ದೆ. ಅವರಿಗೆ ಹೇಳ್ಬೇಡ.”

ಚೌಡಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಅಂಗಳದಲ್ಲಿ ಆ ಕಡೆ ಈ ಕಡೆ ತಿರುಗಿದ. ಶೆಡ್ಡಿಗೆ ಹೋದ, ನಾಲ್ಕು ಮಗ್ಗಗಳೂ ಟಕಟಕ ಅನ್ನುತ್ತಿದ್ದವು. ಜೀವನವೆಲ್ಲ ಕೇಳಿದ ಸದ್ದು. ಇವತ್ತು ಯಾರೋ ತನ್ನ ಮೇಲೆ ಚಾಡಿ ಹೇಳುತ್ತಿರುವ ಹಾಗಿತ್ತು. ವಾಪಸ್ ಮನೆಗೆ ಬಂದ. ಮತ್ತೆ ಶೆಡ್ಡಿಗೆ ಹೋದ. ನಿಂತಲ್ಲಿ ನಿಲ್ಲಲಾರ.

ಮಗ್ಗದ ವಿನ್ಯಾಸಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದ ರಕ್ಷಿತಾ ಅವನನ್ನು ನೋಡಿ ನೋಡಿ ಹೊರಗೆ ಬಂದಳು. “ಅಣ್ಣಾ, ಹಿಂಗೇ ಇರ್ಲಿ ಬಿಡಿ. ಅಮ್ಮ ನಗ್ತಾಳೆ. ಇವತ್ತು ತಾನಾಗೇ ತಲೆ ಬಾಚ್ಕೊಂಡ್ಳು ಗೊತ್ತಾ?”

“ಸತ್ತೋನ ಹೆಸರಲ್ಲಿ ನಾನು ಅನ್ನ ತಿನ್ಬೇಕಾ?”

“ಯಾರ ಹೆಸರಲ್ಲಿ ತಿಂದ್ರೇನು? ಬಡಿಸೋಳು ಅಮ್ಮನೇ ತಾನೆ?”

“ನಿನಗೇನು ಗೊತ್ತು!” ಅಂದ. ಮಗಳಿಗೆ ಏನೂ ಗೊತ್ತಿರಲಿಲ್ಲ, ನಿಜ. ಹೆಂಡತಿ ಹೇಳಿದ ಮಾತಿಗೆಲ್ಲ ಅವನು ಉತ್ತರ ಕೊಡಬೇಕಿತ್ತು. ಸಾರು ಚೆನ್ನಾಗಿದೆ ಅನ್ನಬೇಕಿತ್ತು. ಆ ಸೀರೆ ಉಟ್ಟು ನನ್ನೆದುರೇ ಓಡಾಡು ಅನ್ನಬೇಕಿತ್ತು. ಅಣ್ಣನ ಬಾಯಲ್ಲಿ ಆಡಿದರೆ ಆ ಮಾತಿಗೆ ಏನು ಬೆಲೆ? ಗಂಡನಾಗಿ ಅವಳ ಎದುರು ಕೂತೇ ಆಡಬೇಕು. ಅದಕ್ಕೆ ಮೊದಲು ಅವನು ಗಂಡನಾಗಬೇಕು. ಅವಳಲ್ಲಿ ಉಳಿದಿರುವುದೇ ಇಷ್ಟು. ಇನ್ನೆಷ್ಟು ದಿನವೋ, ಓಲೆ ಹೇಳಿದ್ದೂ ತಲೆಗೆ ಹೋಗದ ಕಾಲ ಬರುತ್ತದೆ ಅಂದಿದ್ದರು ಡಾಕ್ಟರು.

ಮಾರನೆಯ ದಿನ ತಸ್ನೀಮ್ ಬಂದು ಓಲೆಯನ್ನು ಅಳಿಸಿದಳು. ಬನಶಂಕರಿಯ ಮುಖ ಒರೆಸಿದ ಹಲಗೆಯ ಹಾಗಾಯಿತು. ಮನೆಯಲ್ಲಿ ಹೊಸ ಕಾನೂನು ಶುರುವಾಯಿತು. ರಕ್ಷಿತಾ ಅಪ್ಪ ಅನ್ನಬೇಕು. ಮಗ್ಗದವರು ಯಜಮಾನ್ರೇ ಅನ್ನಬೇಕು. ಪಕ್ಕದ ಮನೆಯವರು ಬಂದರೆ, ಬನಶಂಕರಮ್ಮ, ನಿಮ್ಮ ಮನೆಯೋರು ಎಲ್ಲಿ ಅಂತಲೇ ಕೇಳಬೇಕು.

ನಾಲಿಗೆ ಯಾರ ಮಾತು ಕೇಳುತ್ತದೆ? ರಕ್ಷಿತಾ, “ಅಣ್... ಅಪ್ಪಾ” ಅನ್ನುತ್ತಿದ್ದಳು. ಮಗ್ಗದ ಗಂಗಾಧರ ‘ಅಣ್ಣ’ ಅಂತ ಬಾಯಿಗೆ ಬಂದಾಗಲೆಲ್ಲ ಕೆಮ್ಮುತ್ತಿದ್ದ. ಎರಡು ದಿನದಲ್ಲಿ ಅವನಿಗೆ ಕ್ಷಯವಿರಬೇಕು ಅಂತ ಬೀದಿಯಲ್ಲಿ ಸುದ್ದಿಯಾಯಿತು. ಪಕ್ಕದ ಮನೆಯಾಕೆ ಹೊಸಿಲಲ್ಲೇ ನಿಂತು, ನಾಟಕದಲ್ಲಿ ಮಾತು ಒಪ್ಪಿಸುವವಳ ಹಾಗೆ ಕೂಗಿ ಹೇಳಿ ಓಡಿಹೋಗುತ್ತಿದ್ದಳು.

ಎಲ್ಲಕ್ಕಿಂತ ಕಷ್ಟ ಚೌಡಪ್ಪನಿಗೆ. ಹೆಂಡತಿಯ ಹೆಸರು ಹಿಡಿದು ಕರೆಯಬೇಕು. ಮೊದಲ ದಿನ ಬಾಗಿಲ ಹತ್ತಿರ ನಿಂತು, ಸುತ್ತ ಯಾರೂ ಇಲ್ಲವೆಂದು ನೋಡಿ, “ಬನಶಂಕರಿ” ಅಂದ. ಕೇಳದಷ್ಟು ಮೆಲ್ಲಗೆ. ಇನ್ನೊಂದು ಸಲ, ಸ್ವಲ್ಪ ಜೋರಾಗಿ. “ಬನಶಂಕರಿ, ನಾನು ನಿನ್ನ ಗಂಡ.” ಅವಳು ಗೋಡೆ ನೋಡುತ್ತ ಕೂತಿದ್ದಳು. ಅವನಿಗೆ ಮೈಯೆಲ್ಲ ಬೆವರು. ಮದುವೆಯ ದಿನವೂ ಇಷ್ಟು ನಾಚಿಕೆ ಆಗಿರಲಿಲ್ಲ.

ದಿನಕ್ಕೆರಡು ಸಲ ಅಂಗಡಿಗೆ ಓಡುತ್ತಿದ್ದ. ಓಲೆ ಕಲಿಯುತ್ತಿರುವುದು ತಸ್ನೀಮಳ ಪರದೆಯ ಮೇಲೆ ಕಾಣುತ್ತಿತ್ತು. ಚೌಡಪ್ಪನ ಸಣ್ಣ ಚಿತ್ರ, ಅದರ ಪಕ್ಕ ಎರಡು ಗೆರೆ.

“ಇದು ಅಣ್ಣ, ಇದು ಗಂಡ. ಎರಡೂ ತೂಗಾಡ್ತಾ ಅವೆ,” ಅಂದಳು.

“ಯಾಕೆ? ನಾನು ಬಾಯಿ ಬಿಟ್ಟು ಹೇಳ್ತಾ ಇದೀನಲ್ಲ, ಗಂಡ ಗಂಡ ಅಂತ!”

“ನೀವು ಹೇಳಿದ್ದನ್ನ ಅದು ಅಷ್ಟು ನಂಬಲ್ಲ. ದಾರೀಲಿ ಹೋಗೋನೂ ಬಂದು ನಾನೇ ಗಂಡ ಅಂದ್ರೆ? ಓಲೆ ತೊಟ್ಟೋರ ಬಾಯಿಂದ ಬರೋ ಮಾತಿಗೆ ಹತ್ತು ಪಾಲು ತೂಕ. ಅವರು ನಿಮ್ಮನ್ನ ಏನಾದ್ರೂ ಅಂತ ಕರೀಬೇಕು.”

“ಅವಳಿಗೆ ನಾನು ಯಾರು ಅಂತ್ಲೇ ಗೊತ್ತಿಲ್ಲ. ಅದನ್ನ ಹೇಳ್ಲಿ ಅಂತ ತಾನೆ ಈ ದರಿದ್ರದ ಓಲೆ! ಓಲೆ ಅವಳಿಂದ ಕಲೀಬೇಕು, ಅವಳು ಓಲೆಯಿಂದ ಕಲೀಬೇಕು. ಇದೆಂಥ ವ್ಯವಹಾರನಮ್ಮ?”

“ಒಂದಿಷ್ಟು ಕಾಯಿರಿ ಅಣ್ಣಾ.”

“ಅಣ್ಣ ಅನ್ಬೇಡ!”

“ಇಲ್ಲಿ ಓಲೆ ಇಲ್ವಲ್ಲ!”

ಐದನೇ ದಿನವೋ ಆರನೇ ದಿನವೋ, ಗಂಗಾಧರ ಶೆಡ್ಡಿನಿಂದ ಮನೆಯ ಬಾಗಿಲಿಗೆ ಬಂದು ಕೂಗಿದ: “ಅಣ್ಣಾ, ಮೂರನೇ ಮಗ್ಗದಲ್ಲಿ ಹಾಸಿನ ಎಳೆ ಹರಿದೈತೆ ಅಣ್ಣಾ, ಬೇಗ ಬಾ ಅಣ್ಣಾ!” ಗಾಬರಿಯಲ್ಲಿ ಕೆಮ್ಮು ಮರೆತಿದ್ದ. ಒಂದಲ್ಲ, ಮೂರು ಸಲ.

ಚೌಡಪ್ಪನಿಗೆ ತಲೆಗೇರಿತು. ಅಷ್ಟು ದಿನ ಒಳಗೆ ಅದುಮಿಟ್ಟಿದ್ದೆಲ್ಲ ಒಂದೇ ಏಟಿಗೆ ಹೊರಗೆ ಬಂತು. “ಏನಂತ ಹೇಳಿದ್ದೆ ನಿನಗೆ? ಬೋಳಿಮಗನೆ, ನಾಲಿಗೆ ಐತೋ ಎಕ್ಕಡ ಐತೋ ಬಾಯಲ್ಲಿ? ನನ್ನ ಮನೆ ಹಾಳು ಮಾಡೋಕೆ ಅನ್ನ ತಿಂತೀಯಾ?” ಕೈಗೆ ಸಿಕ್ಕಿದ ಚೊಂಬನ್ನು ಬೀಸಿದ. ಚೊಂಬು ಬಾಗಿಲಿಗೆ ಬಡಿದು ಅಂಗಳಕ್ಕೆ ಉರುಳಿತು. ಗಂಗಾಧರ ಓಡಿದ.

“ರೀ.”

ಹಿಂದಿನಿಂದ ಬಂದ ದನಿ. ಚೌಡಪ್ಪ ತಿರುಗಿದ. ಬನಶಂಕರಿ ಎದ್ದು ನಿಂತಿದ್ದಳು, ಸೆರಗು ಹೊದ್ದು ಗೋಡೆಗೆ ಒತ್ತಿಕೊಂಡು. ಕಣ್ಣು ನೆಲದ ಮೇಲೆ.

“ರೀ, ಬಿಡ್ರೀ. ತಪ್ಪಾಯ್ತು. ಇನ್ನೊಂದ್ಸಲ ಮಾಡಲ್ಲ ರೀ.”

ಓಲೆ ಒಂದು ಮಾತನ್ನೂ ಹೇಳಿರಲಿಲ್ಲ. ಅವಳು ಅವನ ಮುಖವನ್ನೂ ನೋಡಿರಲಿಲ್ಲ. ಮರೆವು ಎಲ್ಲವನ್ನೂ ಒಯ್ದಿತ್ತು, ಆ ಬೈಗುಳದ ದನಿ ಕೇಳಿದಾಗ ಯಾರೆದುರು ನಿಂತಿದ್ದೇನೆ ಅನ್ನುವುದನ್ನು ಮಾತ್ರ ಅವಳ ಮೈಯಿಂದ ಒಯ್ಯಲಾಗಿರಲಿಲ್ಲ.

ಫೋನು ಹೊಡೆದುಕೊಂಡಿತು. ತಸ್ನೀಮ್ ಖುಷಿಯಲ್ಲಿ ಕಿರುಚುತ್ತಿದ್ದಳು. “ಆಯ್ತಲ್ಲ! ಈಯಮ್ಮ ರೀ ಅಂದ್ರಂತೆ, ಒಂದೇ ಸಲಕ್ಕೆ ಗೆರೆ ಮೇಲೆ ಹೋಯ್ತು! ಗಂಡ ಅಂತ ಗಟ್ಟಿ ಆಗೋಯ್ತು. ಏನ್ ಮಾಡಿದ್ರಿ ಅಂತೀನಿ!”

ಚೌಡಪ್ಪ ಫೋನ್ ಇಟ್ಟ.

ಅವತ್ತಿಂದ ಅವನು ಗಂಡ. ಒಳಗೆ ಕಾಲಿಟ್ಟರೆ ಬನಶಂಕರಿ ಎದ್ದು ನಿಲ್ಲುತ್ತಿದ್ದಳು. ತಟ್ಟೆ ಇಟ್ಟು ದೂರ ಸರಿಯುತ್ತಿದ್ದಳು. ಕೂತು ಮಾತಾಡಬೇಕೆಂದು ಅವನು ಏನೆಲ್ಲ ಕೂಡಿಟ್ಟುಕೊಂಡಿದ್ದನೋ ಅದನ್ನೆಲ್ಲ ಹೇಳಿದ. ಸಾರು ಚೆನ್ನಾಗಿದೆ ಅಂದ. ಅವಳು ಗಾಬರಿಯಿಂದ ಸಾರಿನ ಪಾತ್ರೆ ನೋಡಿದಳು. ಕೂತ್ಕೋ ಅಂದ. “ಯಾಕ್ರೀ, ಏನಾಯ್ತು? ನಾನೇನ್ ಮಾಡ್ದೆ?” ಅಂದಳು. ಸಾವಿತ್ರಮ್ಮನ ಪೆಟ್ಟಿಗೆಯ ಸೀರೆ ಉಟ್ಟುಕೋ ಅಂದಾಗಂತೂ ಬಿಳಿಚಿಕೊಂಡಳು. ಯಾರು ಹೇಳಿದರು ಅಂತ ಕೇಳಲಿಲ್ಲ. ಅವತ್ತು ಊಟ ಮಾಡಲಿಲ್ಲ, ಅಷ್ಟೇ. ಅವನ ಮಾತು ಮೆತ್ತಗಾದಷ್ಟೂ ಅವಳ ಹೆದರಿಕೆ ಹೆಚ್ಚಾಯಿತು.

“ಗೆದ್ರಲ್ಲ,” ಅಂದಳು ರಕ್ಷಿತಾ ಒಂದು ಮಧ್ಯಾಹ್ನ. ಅಪ್ಪ ಅಂತಲೂ ಅನ್ನಲಿಲ್ಲ, ಅಣ್ಣ ಅಂತಲೂ ಅನ್ನಲಿಲ್ಲ.

ಅವನು ಜಗಳಕ್ಕೆ ಬಾಯಿ ತೆರೆದ. ಆಗಲೇ ಕರೆಂಟು ಹೋಯಿತು. ನಾಲ್ಕು ಮಗ್ಗಗಳೂ ಒಟ್ಟಿಗೆ ನಿಂತವು.

ಒಳಮನೆಯಿಂದ ಬನಶಂಕರಿ ಬಂದಳು. ಅವಳ ಕಣ್ಣು ಶೆಡ್ಡಿನ ಕಡೆಯ ಬಾಗಿಲಲ್ಲಿತ್ತು. ಚೊಂಬಿಗೆ ನೀರು ತುಂಬಿದಳು. ಚೆಲ್ಲಿದ ಹನಿಯನ್ನು ಸೆರಗಿನಿಂದ ಒರೆಸಿದಳು. ಮಣೆ ಸರಿಯಾಗಿದೆಯೇ ನೋಡಿದಳು, ಬಟ್ಟೆಯ ಹಗ್ಗ ನೋಡಿದಳು, ಒಲೆ ನೋಡಿದಳು. ಎಲ್ಲ ಸರಿಯಾಗಿಯೇ ಇತ್ತು. ಅದಕ್ಕೇ ಇನ್ನಷ್ಟು ಗಾಬರಿಯಾಗಿ ಮತ್ತೆ ಮೊದಲಿನಿಂದ ನೋಡತೊಡಗಿದಳು. ಅವನು ಅಂಗಳದ ಈ ಮೂಲೆಯಲ್ಲಿ ನಿಂತು ಅದನ್ನೆಲ್ಲ ನೋಡಿದ. ಇಷ್ಟು ವರ್ಷ, ದಿನಕ್ಕೆ ಎಷ್ಟೆಷ್ಟು ಸಲವೋ, ಅವನು ಬಂದು ಬಾಗಿಲು ತಳ್ಳುವ ಮೊದಲು ಈ ಮನೆಯಲ್ಲಿ ನಡೆಯುತ್ತಿದ್ದದ್ದು ಇದು.

ಅವಳು ತಿರುಗಿದಾಗ ಅವನು ಕಣ್ಣಿಗೆ ಬಿದ್ದ. ಓಲೆ ತನ್ನ ಕೆಲಸ ಮಾಡಿತು. ಅವಳು ಚೊಂಬು ನೀಡಿದಳು.

ಅವನು ಕುಡಿದ. ಅವಳು ಹೋಗದೆ ನಿಂತಿದ್ದಳು. ಬಹಳ ಧೈರ್ಯ ಕೂಡಿಸಿಕೊಂಡು ಕೇಳಿದಳು: “ಅಣ್ಣ ಬಂದಿದ್ದ ರೀ. ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದೋದ. ಏನಾದ್ರೂ ಅಂದ್ರಾ ಅವನಿಗೆ?”

ಓಲೆಯನ್ನು ಅಳಿಸಿದ್ದರು. ಇವಳಲ್ಲಿ ಅದು ಅಳಿಸಿರಲಿಲ್ಲ. ಮುಖ ಉಳಿದಿರಲಿಕ್ಕಿಲ್ಲ. ಅಣ್ಣ ಬಂದಿದ್ದ ಅನ್ನುವುದು ಉಳಿದಿತ್ತು.

“ಏನೂ ಅನ್ಲಿಲ್ಲ,” ಅಂದ ಚೌಡಪ್ಪ.

“ಮತ್ತೆ ಬರ್ತಾನಾ?”

“ನಾನೇ ಹೋಗಿ ಕರ್ಕಂಡ್ ಬರ್ತೀನಿ.”

“ನೀವಾ?” ಅವಳು ಮೊದಲ ಸಲ ತಲೆಯೆತ್ತಿ ಅವನ ಮುಖ ನೋಡಿದಳು. ನಂಬಲೋ ಬೇಡವೋ ಅನ್ನುವ ನೋಟ. “ನೀವೇ ಹೋಗ್ತೀರಾ? ಜಗಳ ಆಡಲ್ಲ ತಾನೆ?”

“ಆಡಲ್ಲ. ನಾನು ಬರೋದು ತಡ ಆಗ್ಬೋದು. ಅವನು ಬಂದ್ರೆ ಕೂರಿಸ್ಕೊಂಡು ಊಟ ಹಾಕು. ಎಷ್ಟು ದಿನ ಬೇಕಾದ್ರೂ ಇರ್ಲಿ.”

ರಕ್ಷಿತಾಗೆ ಅರ್ಥವಾಯಿತು. ಅವಳು ಅವನ ಹಿಂದೆ ಹೊಸಿಲವರೆಗೆ ಬಂದಳು. ಅವನು ಚಪ್ಪಲಿ ಮೆಟ್ಟುತ್ತ, ಒಳಗೆ ಕೇಳದ ಹಾಗೆ ಹೇಳಿದ: “ತಸ್ನೀಮನ್ನ ಕರೆಸು. ಪೂರ್ತಿ ಅಳಿಸಿ ಮತ್ತೆ ಕಲಿಸ್ಲಿ. ಓಲೆ ಕಲಿಯೋವರ್ಗೂ ನಾನು ಶೆಡ್ಡಲ್ಲೇ ಮಲಗ್ತೀನಿ. ಹಿಂದಿನ ಥರಾನೇ ಎಲ್ಲಾರೂ ಅಣ್ಣ ಅಂತ್ಲೇ ಕರೀರಿ. ಬಾಯಿ ತಪ್ಪಿ ಕೂಡ ಇನ್ನೊಂದು ಹೆಸರು ಬರ್ಬಾರ್ದು. ಗಂಗಾಧರನಿಗೂ ಹೇಳು, ಕೆಮ್ಮೋದು ಸಾಕು ಅಂತ.”

“ಅದು ಮತ್ತೆ ತಿರುಗಿಬಿಟ್ರೆ? ಅಮ್ಮ ಮತ್ತೆ ರೀ ಅಂದ್ಬಿಟ್ರೆ?”

“ಬೈದು ಹಂಗನ್ನಿಸಿದೋನು ನಾನಲ್ವಾ,” ಅಂದ. “ಅವನು ಇರಲ್ಲ ಬಿಡು.”

“ಅಪ್ಪಾ...”

ಅವನು ತಿರುಗಿ ನೋಡದೆ, ಬೇಡ ಅನ್ನುವ ಹಾಗೆ ಕೈಯಾಡಿಸಿದ. ಬೀದಿಗೆ ಇಳಿದ. ಕರೆಂಟು ಇನ್ನೂ ಬಂದಿರಲಿಲ್ಲ. ಬೀದಿಯ ಒಂದು ಮಗ್ಗವೂ ನಡೆಯುತ್ತಿರಲಿಲ್ಲ, ಅವನ ಚಪ್ಪಲಿಯ ಸದ್ದು ತಿರುವಿನವರೆಗೂ ಕೇಳಿಸಿತು.

“ಯಾರಮ್ಮ ಹೊರಟಿದ್ದು?” ಒಳಗಿಂದ ಬನಶಂಕರಿ ಕೇಳಿದಳು. ಮಗಳು ಉತ್ತರ ಕೊಡುವ ಮೊದಲೇ ತಾನೇ ಹೇಳಿಕೊಂಡಳು. “ಇವರು ಕಣೆ. ಅಣ್ಣನ್ನ ಕರಿಯೋಕೆ ಹೋದ್ರು.”

ಅವಳು ಬಾಗಿಲಿಗೆ ಎದುರಾಗಿ ಕೂತಳು, ಕಾಲು ಚಾಚಿಕೊಂಡು, ಹಾಯಾಗಿ. ಆ ಮನೆಗೆ ಅವಳ ಗಂಡ ಮತ್ತೆ ಬರಲಿಲ್ಲ.